ಚಿತ್ತದ ತೂಗಾಟ ಮತ್ತು ವ್ರತನಿಯಮ

ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ನಿರೂಪಿಸಿ, ಒಂದೊಂದು ಅಂಗಕ್ಕೂ ಅದರಲ್ಲಿ ಪ್ರಸಿದ್ಧರಾದ ಒಬ್ಬೊಬ್ಬರ ಹೆಸರನ್ನು ಸೂಚಿಸಿದ್ದಾರೆ. ಮೊದಲನೆಯದಾದ ನಿಃಶಂಕಿತ ಅಂಗಕ್ಕೆ ಬಂದಿರುವ ಹೆಸರು ಅಂಜನಚೋರನದು. ಈ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ಶ್ರಾವಕರ ಮನೆಗಳಲ್ಲಿ ವಿರಳ. ಆದರೆ ಕೇಳುವವರ ದೃಷ್ಟಿಯೆಲ್ಲ ಕಳ್ಳನ ಮೇಲೆಯೇ ನೆಟ್ಟಿರುತ್ತದೆ. ಅದೇ ರಾತ್ರಿ ಅದೇ ಮರವನ್ನು ಏರುತ್ತ ಇಳಿಯುತ್ತ ಇದ್ದ ಇನ್ನೊಬ್ಬನನ್ನು ಎಲ್ಲರೂ ಬೇಗನೆ ಮರೆತುಬಿಡುತ್ತಾರೆ. ಪ್ರಸ್ತುತ ಪಾಠವು ಆ ಇನ್ನೊಬ್ಬನಿಂದ ಆರಂಭವಾಗುತ್ತದೆ.

ಜಿನದತ್ತಶ್ರೇಷ್ಠಿಗೆ ಆಕಾಶಗಾಮಿನೀ ವಿದ್ಯೆ ದೊರೆತಿತ್ತು. ಆತನು ಪ್ರತಿದಿನ ಪ್ರಾತಃಕಾಲದಲ್ಲಿ ಆ ವಿದ್ಯೆಯ ಬಲದಿಂದ ಅಕೃತ್ರಿಮ ಚೈತ್ಯಾಲಯಗಳ ವಂದನೆಗೆ ಹೋಗಿಬರುತ್ತಿದ್ದನು. ಪೂಜೆಗೆ ಹೂವನ್ನು ಒದಗಿಸುತ್ತಿದ್ದ ಸೋಮದತ್ತನು ಇದನ್ನು ಕಂಡು, ತನಗೂ ಆ ವಿದ್ಯೆಯನ್ನು ಉಪದೇಶಿಸಬೇಕೆಂದು ಬೇಡಿಕೊಂಡನು. ಶ್ರೇಷ್ಠಿಯು ಸಾಧನವಿಧಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿದನು. ಕೃಷ್ಣಪಕ್ಷದ ಚತುರ್ದಶಿಯ ರಾತ್ರಿ ಶ್ಮಶಾನದಲ್ಲಿರುವ ಆಲದ ಮರದ ಪೂರ್ವದಿಕ್ಕಿನ ಕೊಂಬೆಗೆ 108 ಎಳೆಗಳ ದರ್ಭೆಯ ನೆಲುವನ್ನು ಕಟ್ಟಬೇಕು. ಅದರ ಕೆಳಗೆ ಹರಿತವಾದ ಆಯುಧಗಳನ್ನು ಮೇಲ್ಮುಖವಾಗಿ ನೆಡಬೇಕು. ಉಪವಾಸವಿದ್ದು ನೆಲುವಿನೊಳಗೆ ಕುಳಿತು, ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸುತ್ತ ಒಂದೊಂದೇ ಎಳೆಯನ್ನು ಕತ್ತರಿಸುತ್ತ ಹೋಗಬೇಕು.

ಸೋಮದತ್ತನು ಎಲ್ಲವನ್ನೂ ವಿಧಿಪೂರ್ವಕವಾಗಿಯೇ ಸಿದ್ಧಪಡಿಸಿದನು. ಉಪವಾಸವನ್ನು ಕೈಕೊಂಡನು, ನೆಲುವನ್ನು ಕಟ್ಟಿದನು, ಆಯುಧಗಳನ್ನು ನೆಟ್ಟನು, ಮರವನ್ನೂ ಏರಿದನು. ಏರಿ ಕುಳಿತ ಮೇಲೆ ಕೆಳಗೆ ನೋಡಿದನು. ಶ್ರೇಷ್ಠಿಯ ಮಾತು ಸುಳ್ಳಾದರೆ ಪ್ರಾಣವೇ ಹೋಗುವುದಲ್ಲ ಎಂದು ಶಂಕೆ ಹುಟ್ಟಿ ಇಳಿದನು. ಇಳಿದ ಮೇಲೆ, ಇಂತಹ ವಿದ್ಯೆಯನ್ನು ಕೈಬಿಡುವುದೇ ಎಂಬ ಆಸೆ ಕಾಡಿ ಮತ್ತೆ ಏರಿದನು. ಹೀಗೆಯೇ ರಾತ್ರಿ ಕಳೆಯುತ್ತಿತ್ತು. ಅಷ್ಟರಲ್ಲಿ ರಾಣಿಯ ಹಾರವನ್ನು ಕದ್ದು, ಕಾವಲುಗಾರರು ಬೆನ್ನಟ್ಟಲು ಹಾರವನ್ನು ಎಸೆದು ಓಡಿಬಂದ ಅಂಜನನು ಇವನನ್ನು ಕಂಡು ವಿಷಯವನ್ನು ವಿಚಾರಿಸಿದನು. ಮಂತ್ರವನ್ನು ಕೇಳಿ ತಿಳಿದುಕೊಂಡು, ನೆಲುವಿನಲ್ಲಿ ಕುಳಿತು, ಎಲ್ಲ ಎಳೆಗಳನ್ನೂ ಒಂದೇ ಸಲಕ್ಕೆ ಕತ್ತರಿಸಿದನು. ಆಯುಧಗಳ ಮೇಲೆ ಬೀಳುವ ಮುನ್ನವೇ ಆತನಿಗೆ ವಿದ್ಯೆ ಸಿದ್ಧಿಸಿತು. ಮುಂದೆ ಆತನು ದೀಕ್ಷೆ ಪಡೆದು ಮೋಕ್ಷವನ್ನು ಹೊಂದಿದನೆಂದು ಕಥೆ ಮುಗಿಯುತ್ತದೆ.

ಉಪದೇಶಕರು ಸಾಮಾನ್ಯವಾಗಿ ಇಲ್ಲಿ ಅಂಜನನನ್ನು ಹೊಗಳಿ, ಸೋಮದತ್ತನನ್ನು ಹೇಡಿಯೆಂದು ಹಳಿದು ಮುಂದೆ ಸಾಗುತ್ತಾರೆ. ಅದು ಸೋಮದತ್ತನಿಗೆ ಪೂರ್ಣ ನ್ಯಾಯವಲ್ಲ. ಆಯುಧಗಳು ನಿಜವಾದ ಆಯುಧಗಳೇ ಆಗಿದ್ದವು. ಅಂಜನನ ಹಿಂದೆ ಕಾವಲುಗಾರರಿದ್ದರು, ಸೋಮದತ್ತನ ಹಿಂದೆ ಮನೆಯಿತ್ತು ಎಂಬುದನ್ನೂ ಗಮನಿಸಬೇಕು. ಜೀವನದ ದೊಡ್ಡ ಪ್ರಸಂಗಗಳಲ್ಲಿ, ಮಗಳ ವಿವಾಹ, ಜಮೀನಿನ ಪಾಲು, ಉದ್ಯೋಗದ ಬದಲಾವಣೆ, ವೃದ್ಧಾಪ್ಯದಲ್ಲಿ ಎಲ್ಲಿರಬೇಕೆಂಬ ಪ್ರಶ್ನೆ, ಇವುಗಳಲ್ಲಿ ಗೃಹಸ್ಥನಾದವನು ಅಂಜನನಿಗಿಂತ ಸೋಮದತ್ತನಿಗೇ ಹೆಚ್ಚು ಹತ್ತಿರದವನು. ಆದುದರಿಂದ ಸೋಮದತ್ತನನ್ನು ಹಳಿಯುವುದಕ್ಕಿಂತ, ಅವನನ್ನು ಮರದ ಮೇಲೂ ಕೆಳಗೂ ಓಡಾಡಿಸಿದ್ದು ಏನು ಎಂದು ವಿಚಾರಿಸುವುದೇ ಹೆಚ್ಚು ಪ್ರಯೋಜನಕರ.

ಸಂಶಯವೂ ಈಹೆಯೂ

ನಮ್ಮ ನ್ಯಾಯಶಾಸ್ತ್ರವು ಜ್ಞಾನದ ದೋಷಗಳು ಮೂರೆಂದು ಹೇಳುತ್ತದೆ: ಸಂಶಯ, ವಿಪರ್ಯಯ, ಅನಧ್ಯವಸಾಯ. ಮುಸ್ಸಂಜೆಯಲ್ಲಿ ದೂರದಲ್ಲಿ ನಿಂತಿರುವುದು ಮೋಟುಮರವೋ ಮನುಷ್ಯನೋ ಎಂದು ಎರಡು ಕೊನೆಗಳನ್ನೂ ಮುಟ್ಟುತ್ತ ತೂಗಾಡುವುದು ಸಂಶಯ. ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೇ ಎಂದು ನಿಶ್ಚಯಿಸಿಬಿಡುವುದು ವಿಪರ್ಯಯ. ದಾರಿಯಲ್ಲಿ ನಡೆಯುವಾಗ ಕಾಲಿಗೆ ಹುಲ್ಲು ತಾಕಿದರೆ ‘ಏನೋ’ ಎಂದುಕೊಂಡು ಗಮನಿಸದೆ ಹೋಗುವುದು ಅನಧ್ಯವಸಾಯ. ಮೂರನ್ನೂ ದೋಷಗಳೆಂದೇ ಎಣಿಸಿರುವುದು ಸ್ಮರಣೀಯ. ಚಂಚಲತೆಗೆ ಮದ್ದೆಂದು ಕಣ್ಣುಮುಚ್ಚಿ ಒಂದನ್ನು ನಿಶ್ಚಯಿಸುವವನು ಸಂಶಯದಿಂದ ಬಿಡುಗಡೆ ಹೊಂದುವುದಿಲ್ಲ. ಒಂದು ದೋಷವನ್ನು ಕೊಟ್ಟು ಇನ್ನೊಂದನ್ನು ಕೊಂಡುಕೊಳ್ಳುತ್ತಾನೆ. ಮೂರನೆಯದಂತೂ ಮನೆಗಳಲ್ಲಿ ತುಂಬ ಸಾಧಾರಣವಾದುದು. ‘ಮುಂದೆ ನೋಡೋಣ’ ಎಂಬ ಮಾತಿನ ಹಿಂದೆ ಅನೇಕ ವೇಳೆ ಸಂಶಯವೂ ಇರುವುದಿಲ್ಲ, ಬರಿಯ ಅನಧ್ಯವಸಾಯವಿರುತ್ತದೆ.

ನಿಶ್ಚಯಕ್ಕೆ ತಲುಪುವ ದಾರಿಯನ್ನು ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯವು ಮತಿಜ್ಞಾನದ ಪ್ರಕರಣದಲ್ಲಿ ತೋರಿಸಿದೆ: ಅವಗ್ರಹ, ಈಹಾ, ಅವಾಯ, ಧಾರಣಾ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಟ್ಟಿರುವ ದೃಷ್ಟಾಂತವು ನಮ್ಮ ಕೆರೆಬಯಲಿನ ಜನಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಿರೇಕೆರೂರು ಸೀಮೆಯ ಮದಗ-ಮಾಸೂರು ಕೆರೆಯ ಏರಿಯ ಮೇಲೆ ನಿಂತವನಿಗೆ ಆಚೆಯ ದಡದಲ್ಲಿ ಬೆಳ್ಳಗೆ ಏನೋ ಕಂಡಿತೆನ್ನೋಣ. ಬಿಳಿಯ ವಸ್ತುವೊಂದಿದೆ ಎಂಬುದು ಅವಗ್ರಹ. ಅದು ಬೆಳ್ಳಕ್ಕಿಯೋ ಬಾವುಟವೋ ಎಂದು ವಿಶೇಷವನ್ನು ತಿಳಿಯಲು ಹೊರಡುವುದು ಈಹೆ. ರೆಕ್ಕೆ ಬಡಿಯುತ್ತಿದೆ, ಏಳುತ್ತಿದೆ, ಇಳಿಯುತ್ತಿದೆ, ಆದುದರಿಂದ ಬೆಳ್ಳಕ್ಕಿಯೇ ಎಂಬುದು ಅವಾಯ. ಬೆಳಗ್ಗೆ ಕಂಡದ್ದು ಇದೇ ಬೆಳ್ಳಕ್ಕಿ ಎಂದು ಸಂಜೆಗೂ ಮರೆಯದಿರುವುದು ಧಾರಣೆ.

ಈಹೆಯೂ ಸಂಶಯವೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತವೆ, ಎರಡರಲ್ಲೂ ಪ್ರಶ್ನೆಯಿದೆ. ಆದರೆ ಶಾಸ್ತ್ರಕಾರರು ಇವೆರಡನ್ನೂ ಬೇರೆಯೆಂದೇ ನಿರ್ಣಯಿಸಿದ್ದಾರೆ. ಈಹೆಯು ವಸ್ತುವಿನ ಕಡೆಗೆ ನಡೆಯುತ್ತದೆ, ಸಂಶಯವು ನಿಂತಲ್ಲಿಯೇ ತೂಗುತ್ತದೆ. ಮನೆಯಲ್ಲಿ ಇದನ್ನು ಪರೀಕ್ಷಿಸುವ ಉಪಾಯ ಸುಲಭ. ಒಂದು ತಿಂಗಳ ಹಿಂದೆ ಕೇಳಿಕೊಂಡ ಪ್ರಶ್ನೆಯನ್ನು ಇಂದು ಕೇಳಿಕೊಂಡಾಗ ಅದು ಸ್ವಲ್ಪವಾದರೂ ಬದಲಾಗಿದೆಯೇ ನೋಡಬೇಕು. ‘ಮಗನನ್ನು ಹುಬ್ಬಳ್ಳಿಗೆ ಓದಲು ಕಳುಹಿಸಬೇಕೋ ಬೇಡವೋ’ ಎಂಬುದು ತಿಂಗಳು ಕಳೆದ ಮೇಲೆ ‘ಅಲ್ಲಿ ಸೂರ್ಯಾಸ್ತದೊಳಗೆ ಊಟ ದೊರೆಯುವ ವಸತಿ ಯಾವುದು’ ಎಂದಾಗಿದ್ದರೆ ಈಹೆ ನಡೆಯುತ್ತಿದೆ. ‘ಕಳುಹಿಸಬೇಕೋ ಬೇಡವೋ’ ಎಂದೇ ಉಳಿದಿದ್ದರೆ ಅದು ಸೋಮದತ್ತನ ಆಲದ ಮರ.

ಸೋಮದತ್ತನಿಗೆ ತಿಳಿವಳಿಕೆಯ ಕೊರತೆ ಇತ್ತೆನ್ನುವಂತಿಲ್ಲ. ಜಿನದತ್ತನು ಆಕಾಶಮಾರ್ಗದಲ್ಲಿ ಹೋಗಿಬರುವುದನ್ನು ಕಂಡೇ ಅವನು ವಿದ್ಯೆಯನ್ನು ಬೇಡಿದ್ದನು. ಕೇಳಬೇಕಾದುದೇನಾದರೂ ಉಳಿದಿದ್ದರೆ ನೆಲುವನ್ನು ಕಟ್ಟುವ ಮೊದಲು ಶ್ರೇಷ್ಠಿಯನ್ನು ಇನ್ನೊಮ್ಮೆ ಕೇಳಬಹುದಿತ್ತು. ಅವನು ಕೇಳಲಿಲ್ಲ, ಅವನ ತೊಡಕು ಕಣ್ಣಿನದಾಗಿರಲಿಲ್ಲ. ಅವನಿಗೆ ಆಕಾಶವೂ ಬೇಕಾಗಿತ್ತು, ನೆಲವೂ ಬೇಕಾಗಿತ್ತು. ನಮ್ಮ ಬಹುಪಾಲು ಅನಿಶ್ಚಯಗಳ ಮೂಲವೂ ಇಲ್ಲಿಯೇ ಇದೆ. ಜ್ಞಾನಾವರಣದ ಲೆಕ್ಕಕ್ಕೆ ಬರೆದ ಸಾಲವು ವಾಸ್ತವವಾಗಿ ಲೋಭಕಷಾಯದ್ದಾಗಿರುತ್ತದೆ. ಕಾಣದ ಕಾರಣದಿಂದ ಹುಟ್ಟಿದ ತೂಗಾಟವು ವಿಚಾರಣೆಯಿಂದ ನಿಲ್ಲುತ್ತದೆ. ಎರಡೂ ಬೇಕೆಂಬ ಆಸೆಯಿಂದ ಹುಟ್ಟಿದುದು ಎಷ್ಟು ವಿಚಾರಿಸಿದರೂ ನಿಲ್ಲದು, ಎರಡರಲ್ಲಿ ಒಂದನ್ನು ಬಿಟ್ಟಾಗಲೇ ನಿಲ್ಲುತ್ತದೆ. ನಿರ್ಧಾರವೆಂಬುದು ಒಂದನ್ನು ಆರಿಸುವುದೆಂದು ಲೋಕ ತಿಳಿದಿದೆ. ವ್ರತಿಕನ ದೃಷ್ಟಿಯಲ್ಲಿ ಅದು ಇನ್ನೊಂದನ್ನು ತ್ಯಜಿಸುವುದು. ನೋಂಪಿ ಹಿಡಿಯುವ ಮನೆತನಗಳಿಗೆ ಈ ತ್ಯಾಗದ ಅಭ್ಯಾಸ ಮೊದಲೇ ಇದೆ; ಅದನ್ನು ಅನ್ನದ ತಟ್ಟೆಯ ಆಚೆಗೂ ವಿಸ್ತರಿಸುವುದಷ್ಟೇ ಉಳಿದಿರುವ ಕೆಲಸ.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ದೊಡ್ಡ ಪ್ರಸಂಗಗಳಲ್ಲಿ ಚೀಟಿ ಎತ್ತುವುದು, ಹೂವಿನ ಪ್ರಸಾದ ಕೇಳುವುದು ನಮ್ಮಲ್ಲಿ ರೂಢಿಯಲ್ಲಿದೆ. ಹೊಂಬುಜದ ಪದ್ಮಾವತಿ ಅಮ್ಮನವರ ಸನ್ನಿಧಿಗೆ ಈ ಸೀಮೆಯಿಂದಲೂ ಜನ ಹೋಗುತ್ತಾರೆ. ಬಲಗಡೆಯಿಂದ ಹೂ ಬಿದ್ದರೆ ಅನುಗ್ರಹವೆಂದು ಭಾವಿಸುತ್ತಾರೆ. ಭಕ್ತಿಯನ್ನು ಆಕ್ಷೇಪಿಸುವುದು ಇಲ್ಲಿ ಉದ್ದೇಶವಲ್ಲ. ಆದರೆ ಹೂವಿಗಾಗಿ ಕಾದು ನಿಂತವನು ಆ ಹೊತ್ತಿನಲ್ಲಿ ತನ್ನ ಮನಸ್ಸನ್ನೇ ಗಮನಿಸಿದರೆ, ಅದು ಯಾವ ಕಡೆ ಬೀಳಲೆಂದು ತಾನು ಬಯಸುತ್ತಿದ್ದೇನೆಂಬುದು ಹೂ ಬೀಳುವ ಮೊದಲೇ ತಿಳಿದುಬಿಡುತ್ತದೆ. ಅದನ್ನು ತಿಳಿದೂ ತಿಳಿಯದಂತೆ ನಟಿಸಿ ದೇವಿಯ ಮೇಲೆ ಹೊಣೆಯನ್ನು ಹೊರಿಸುವುದು ಭಕ್ತಿಯೂ ಅಲ್ಲ, ನಿಃಶಂಕಿತವೂ ಅಲ್ಲ.

ಪುಷ್ಪದಾಲನ ಹನ್ನೆರಡು ವರ್ಷ

ಆರನೆಯದಾದ ಸ್ಥಿತೀಕರಣ ಅಂಗಕ್ಕೆ ವಾರಿಷೇಣನ ಹೆಸರಿದೆ. ಆತನು ಶ್ರೇಣಿಕ ಮಹಾರಾಜ ಮತ್ತು ಚೇಲನಾದೇವಿಯರ ಮಗ. ದೀಕ್ಷೆ ಪಡೆದು ಮುನಿಯಾದವನು. ಒಮ್ಮೆ ಆಹಾರಕ್ಕೆ ಬಂದ ವಾರಿಷೇಣ ಮುನಿಗೆ ಬಾಲ್ಯದ ಗೆಳೆಯ ಪುಷ್ಪದಾಲನು ಆಹಾರದಾನ ಮಾಡಿ, ಬೀಳ್ಕೊಡಲೆಂದು ಸ್ವಲ್ಪ ದೂರ ಹಿಂದೆಯೇ ನಡೆದನು. ಹಿಂದಿರುಗಬೇಕೆಂದು ಅವನ ಮನಸ್ಸಿನಲ್ಲಿದ್ದಿತು, ಹೇಳಲು ದಾಕ್ಷಿಣ್ಯ ಅಡ್ಡಬಂದಿತು. ದಾರಿಯ ಮರಗಳನ್ನು ತೋರಿಸುತ್ತ, ಮತ್ತೆ ಮತ್ತೆ ವಂದಿಸುತ್ತ ಸೂಚನೆ ಕೊಟ್ಟನು. ಮುನಿಯು ಅವನ ಕೈಹಿಡಿದು ಕರೆದುಕೊಂಡು ಹೋದನು. ವೈರಾಗ್ಯವನ್ನು ಉಪದೇಶಿಸಿ ದೀಕ್ಷೆ ಕೊಡಿಸಿದನು. ಪುಷ್ಪದಾಲನು ಹನ್ನೆರಡು ವರ್ಷ ಸಂಯಮದ ಆಚರಣೆಯಲ್ಲಿದ್ದರೂ ಮನೆಯಲ್ಲಿ ಬಿಟ್ಟುಬಂದ ಹೆಂಡತಿಯನ್ನು ಮರೆಯಲಿಲ್ಲ. ಕೊನೆಗೆ ವಾರಿಷೇಣನು ಅವನನ್ನು ತನ್ನ ತಂದೆಯ ಅರಮನೆಗೆ ಕರೆದೊಯ್ದು, ತಾನು ತೊರೆದ ಅಂತಃಪುರವನ್ನೂ ಯುವರಾಜ ಪದವಿಯನ್ನೂ ತೋರಿಸಿ, ಬೇಕಾದರೆ ಇವೆಲ್ಲವನ್ನೂ ನೀನು ಸ್ವೀಕರಿಸು ಎಂದಾಗ ಅವನು ನಾಚಿ, ಅಂದಿನಿಂದ ನಿಜವಾದ ಮುನಿಯಾದನು.

ಪುಷ್ಪದಾಲನ ದೀಕ್ಷೆ ಆದುದು ಒಂದು ದಿನ, ನಿರ್ಧಾರ ಆದುದು ಹನ್ನೆರಡು ವರ್ಷಗಳ ಅನಂತರ. ನಡುವಿನ ಕಾಲವೆಲ್ಲ ಶಲ್ಯದ ಕಾಲ. ವ್ರತಿಯಾದವನು ನಿಃಶಲ್ಯನಾಗಿರಬೇಕೆಂದು ಸೂತ್ರಕಾರರು ಹೇಳಿದ್ದು ಸುಮ್ಮನೆ ಅಲ್ಲ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮುಳ್ಳು ಒಳಗಿದ್ದರೆ ಮೇಲೆ ಕಟ್ಟಿದ ವ್ರತವು ಗಾಯದ ಮೇಲಿನ ಪಟ್ಟಿಯಂತೆ.

ಈ ಕಥೆಯನ್ನು ವಿವಾಹಪ್ರಸಂಗಗಳಲ್ಲಿ ಮನೆಯ ಹಿರಿಯರು ನೆನೆಯಬೇಕು. ಹೆಣ್ಣುಮಗಳು ಸುಮ್ಮನಿದ್ದುದನ್ನು ಸಮ್ಮತಿಯೆಂದು ಎಣಿಸಿ ನಿಶ್ಚಿತಾರ್ಥ ಮಾಡಿಬಿಡುವುದು ಇಂದಿಗೂ ಪೂರ್ಣವಾಗಿ ನಿಂತಿಲ್ಲ. ಪರೀಕ್ಷೆ ಮುಗಿಯಲಿ ಎನ್ನುತ್ತಾಳೆ, ಅಕ್ಕ ಬರಲಿ ಎನ್ನುತ್ತಾಳೆ, ಸೀರೆಯ ಬಣ್ಣ ಹಿಡಿಸಲಿಲ್ಲ ಎನ್ನುತ್ತಾಳೆ. ಇವೆಲ್ಲ ಪುಷ್ಪದಾಲನು ತೋರಿಸಿದ ಮರಗಳು. ಕೈಹಿಡಿದು ಎಳೆದುಕೊಂಡು ಹೋಗುವ ಹಿರಿಯರಿಗೆ ವಾರಿಷೇಣನ ಜ್ಞಾನವೂ ಇರುವುದಿಲ್ಲ, ಹನ್ನೆರಡು ವರ್ಷಗಳ ಅನಂತರ ಸ್ಥಿತೀಕರಣ ಮಾಡುವ ಶಕ್ತಿಯೂ ಇರುವುದಿಲ್ಲ. ಮಾತಿನಲ್ಲಿ ಕೇಳಿ, ಮಾತಿನಲ್ಲಿ ಉತ್ತರ ಪಡೆಯುವುದೇ ಧರ್ಮ.

ಬಂಕಾಪುರದ ದೃಷ್ಟಾಂತ

ಪುರಾಣದ ಕಥೆಗಳು ಹಾಗಿರಲಿ. ಹಂಸಭಾವಿಯ ಉತ್ತರಕ್ಕೆ, ಇದೇ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿರುವ ಬಂಕಾಪುರವು ಶಾಸನೋಕ್ತವಾದ ಒಂದು ಮಹಾನಿರ್ಧಾರಕ್ಕೆ ಸಾಕ್ಷಿಯಾದ ಸ್ಥಳ. ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರಿನಿಂದ ಊರಿಗೆ ಆ ಹೆಸರು ಬಂದಿತು. ಅವನ ಮಗ ಲೋಕಾದಿತ್ಯನು ಅಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಅಲ್ಲಿ ಪೂಜೆ ನಡೆಯಿತು. ಮುಂದಿನ ಶತಮಾನದಲ್ಲಿ ಅಜಿತಸೇನ ಭಟ್ಟಾರಕರ ಸಾನ್ನಿಧ್ಯದಿಂದ ಆ ಊರು ವಿದ್ಯೆ ಮತ್ತು ಆರಾಧನೆಗಳ ನೆಲೆಯಾಗಿತ್ತು. ಅಲ್ಲಿಯ ಕೋಟೆಯ ಆವರಣವು ಇಂದು ನವಿಲುಗಳ ರಕ್ಷಿತ ತಾಣವಾಗಿದೆ. ಪಿಂಛಿಯನ್ನು ಕಂಡ ಶ್ರಾವಕರಿಗೆ ಇದೊಂದು ಸಂತೋಷದ ಸಂಗತಿ.

ಗಂಗವಂಶದ ಇಮ್ಮಡಿ ಮಾರಸಿಂಹನು ಕ್ರಿ.ಶ. 963ರಲ್ಲಿ ಪಟ್ಟವೇರಿದವನು. ನೊಳಂಬಕುಲಾಂತಕನೆಂಬ ಬಿರುದನ್ನು ಪಡೆದ ಶೂರ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಅನೇಕ ಯುದ್ಧಗಳನ್ನು ಗೆದ್ದವನು. ಬಸದಿಗಳನ್ನೂ ಮಾನಸ್ತಂಭಗಳನ್ನೂ ನಿಲ್ಲಿಸಿದವನು. ಅವನ ಕಣ್ಣೆದುರಿಗೇ ರಾಷ್ಟ್ರಕೂಟ ಸಾಮ್ರಾಜ್ಯ ಕುಸಿಯಿತು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. 973ರಲ್ಲಿ ಚಾಲುಕ್ಯ ತೈಲಪನು ಕರ್ಕನನ್ನು ಸೋಲಿಸಿ ಅಧಿಕಾರವನ್ನು ವಶಪಡಿಸಿಕೊಂಡನು. ಮಾರಸಿಂಹನು ತನ್ನ ಸೋದರಳಿಯನೂ ಕೃಷ್ಣನ ಮೊಮ್ಮಗನೂ ಆದ ಇಂದ್ರನಿಗೆ ಪಟ್ಟ ಕಟ್ಟಿ ಸಾಮ್ರಾಜ್ಯವನ್ನು ಉಳಿಸಲು ಯತ್ನಿಸಿದನು. ಬಳಿಕ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನು ನೋಂತು ಸಮಾಧಿಯನ್ನು ಸಾಧಿಸಿದನು. ಇದು ನಡೆದುದು ಸುಮಾರು 974ರಲ್ಲಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲಿನ ಶಾಸನವು ಇದನ್ನು ಹೇಳುತ್ತದೆ.

ಶಾಸನವನ್ನು ಓದುವವರು ಕ್ರಮವನ್ನು ಗಮನಿಸಬೇಕು. ಮೊದಲು ಯುದ್ಧ ಮತ್ತು ಕರ್ತವ್ಯ, ಅನಂತರ ರಾಜ್ಯತ್ಯಾಗ, ಅದಾದ ಮೇಲೆ ಗುರುಸನ್ನಿಧಿ, ಅಲ್ಲಿ ವಿಧಿಪೂರ್ವಕವಾದ ವ್ರತ. ಸಿಂಹಾಸನದ ಮೇಲೆ ಕುಳಿತೇ ಅನ್ನವನ್ನು ಬಿಟ್ಟವನಲ್ಲ, ಸಲ್ಲೇಖನವನ್ನು ಕೈಕೊಂಡ ಮೇಲೆ ರಾಜ್ಯದ ಸುದ್ದಿಯನ್ನು ಕೇಳುತ್ತ ಕುಳಿತವನೂ ಅಲ್ಲ. ಒಂದೊಂದು ಬಾಗಿಲನ್ನು ದಾಟಿದ ಮೇಲೆ ಅದನ್ನು ಮುಚ್ಚಿದನು. ಸಲ್ಲೇಖನವನ್ನು ಇಲ್ಲಿ ಉದಾಹರಿಸಿರುವುದು ಕ್ರಮಕ್ಕಾಗಿ ಮಾತ್ರ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ, ಗುರುಗಳ ಅನುಮತಿಯಿಂದ ಕೈಕೊಳ್ಳತಕ್ಕ ವ್ರತವದು. ಬೇಸರಕ್ಕೂ ದುಃಖಕ್ಕೂ ಪರಿಹಾರವೆಂದು ಯಾರೂ ಅದರ ಹೆಸರೆತ್ತಲಾಗದು.

ಇದಕ್ಕಿಂತ ಬೋಧಪ್ರದವಾದ ಇನ್ನೊಂದು ಸಂಗತಿಯಿದೆ. ಮಾರಸಿಂಹನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನಿಗೂ ಗುರುಗಳು ಅದೇ ಅಜಿತಸೇನರು. ಅದೇ ಕುಸಿತವನ್ನು ಅವನೂ ಕಂಡನು. ಆದರೆ ಅವನು ಅರಸನ ಹಿಂದೆ ಬಂಕಾಪುರದ ಹಾದಿಯನ್ನು ಹಿಡಿಯಲಿಲ್ಲ. ಮುಂದಿನ ಗಂಗ ಅರಸರ ಸೇವೆಯಲ್ಲಿ ನಿಂತನು. 978ರಲ್ಲಿ ಕನ್ನಡ ಗದ್ಯದಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಮುಗಿಸಿದನು. 981ರ ಸುಮಾರಿಗೆ ವಿಂಧ್ಯಗಿರಿಯಲ್ಲಿ ಗೊಮ್ಮಟೇಶ್ವರನ ಮೂರ್ತಿಯನ್ನು ನಿಲ್ಲಿಸಿದನು. ಪಟ್ಟ ಕಟ್ಟಿಸಿಕೊಂಡಿದ್ದ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಒಂದೇ ಧರ್ಮ, ಒಂದೇ ರಾಜಕೀಯ ವಿಪತ್ತು, ಇಬ್ಬರಿಗಂತೂ ಒಬ್ಬರೇ ಗುರುಗಳು. ಆದರೂ ಒಬ್ಬನು ಕೂಡಲೆ ಬಿಟ್ಟನು, ಒಬ್ಬನು ನಿಂತು ಕೆಲಸ ಮಾಡಿದನು, ಒಬ್ಬನು ಎಂಟು ವರ್ಷ ಕಳೆದು ಬಿಟ್ಟನು. ಯಾರು ಸರಿ ಎಂದು ತೂಗಲು ಹೊರಡುವುದು ವ್ಯರ್ಥ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ಒಬ್ಬೊಬ್ಬರಿಗೆ ಬೇರೆ. ‘ಲೋಕದಲ್ಲಿ ಸರಿಯಾದ ಉತ್ತರ ಒಂದೇ ಇದೆ, ಅದು ನನಗೆ ಸಿಗುತ್ತಿಲ್ಲ’ ಎಂಬ ಭ್ರಮೆಯಿಂದ ಎಷ್ಟೋ ಜನ ವರ್ಷಗಟ್ಟಲೆ ಕೂತಲ್ಲಿಯೇ ಕೂತಿರುತ್ತಾರೆ. ಅವರು ಈ ಮೂವರನ್ನು ಒಟ್ಟಿಗೆ ನೆನೆಯುವುದು ಒಳ್ಳೆಯದು.

ಯಮವೂ ನಿಯಮವೂ

ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಸಮಂತಭದ್ರಾಚಾರ್ಯರು ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಕಾಲದ ಗಡುವಿಟ್ಟು ಕೈಕೊಂಡದ್ದು ನಿಯಮ, ಜೀವಾವಧಿಯದು ಯಮ. ದೇಶಾವಕಾಶಿಕ ವ್ರತದಲ್ಲಿಯೂ ಹೀಗೆಯೇ: ಮನೆ, ಊರು, ಹೊಲ, ನದಿ ಇವುಗಳನ್ನು ಎಲ್ಲೆಯಾಗಿಟ್ಟು, ವರ್ಷ, ನಾಲ್ಕು ತಿಂಗಳು, ಒಂದು ತಿಂಗಳು, ಪಕ್ಷ ಎಂದು ಕಾಲವನ್ನು ಗೊತ್ತುಮಾಡಿಕೊಳ್ಳಬಹುದು. ಅನಿಶ್ಚಯದಲ್ಲಿ ಬಿದ್ದ ಗೃಹಸ್ಥನಿಗೆ ಇದಕ್ಕಿಂತ ಉಪಯುಕ್ತವಾದ ಉಪದೇಶ ದುರ್ಲಭ. ಅವನು ಹೆದರುವುದು ಸಾಮಾನ್ಯವಾಗಿ ಯಮಕ್ಕೆ, ಎಂದರೆ ‘ಇನ್ನು ಜೀವಮಾನವೆಲ್ಲ’ ಎಂಬ ಮಾತಿಗೆ. ನಿಯಮಕ್ಕೆ ಅಷ್ಟು ಹೆದರಬೇಕಾಗಿಲ್ಲ.

ಆದರೆ ನಿಯಮವು ಹಗುರವಾದ ಪ್ರಯೋಗವಲ್ಲ. ನಾಲ್ಕು ತಿಂಗಳೆಂದರೆ ನಾಲ್ಕು ತಿಂಗಳೇ. ನಡುವೆ ‘ಬಿಡಲೇ, ಇರಲೇ’ ಎಂಬ ಪ್ರಶ್ನೆಯನ್ನು ಎತ್ತುವಂತಿಲ್ಲ. ಅಷ್ಟಮಿಯ ಉಪವಾಸವನ್ನು ಹಿಡಿದ ಶ್ರಾವಿಕೆ ಮಧ್ಯಾಹ್ನಕ್ಕೆ ಮತ್ತೆ ‘ಇಂದು ಉಣ್ಣಲೇ ಬೇಡವೇ’ ಎಂದು ಲೆಕ್ಕ ಹಾಕುವುದಿಲ್ಲ. ಹಸಿವು ಇರುತ್ತದೆ, ಪ್ರಶ್ನೆ ಇರುವುದಿಲ್ಲ. ಪ್ರಶ್ನೆಗೆ ಅವಕಾಶವಿಲ್ಲದ ಆ ಬಿಡುವಿನಲ್ಲಿಯೇ ಈಹೆಗೆ ಕೆಲಸಮಾಡಲು ಸ್ಥಳ ದೊರೆಯುತ್ತದೆ. ಅಂತಿಮ ಮಾತನ್ನು ಮಾತ್ರ ಉಪವಾಸದ ದಿನದ ಆಯಾಸದಲ್ಲಿ ಆಡದೆ, ಪಾರಣೆಯ ಅನಂತರ ಸಮಾಧಾನದಿಂದ ಆಡುವುದು ಲೇಸು.

ತಪ್ಪಿದರೆ ಗತಿಯೇನು ಎಂಬ ಭಯಕ್ಕೂ ಶಾಸ್ತ್ರದಲ್ಲಿ ಉತ್ತರವಿದೆ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ವ್ರತಭಂಗದ ಮೆಟ್ಟಿಲುಗಳನ್ನು ಹೇಳಿ, ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳನ್ನೂ ಹೇಳಿದ್ದಾರೆ. ತಪ್ಪು ನಡೆಯುತ್ತದೆಂದು ತಿಳಿದೇ ವ್ರತವನ್ನು ವಿಧಿಸಿದ್ದಾರೆ. ಎಲ್ಲದಕ್ಕೂ ಈ ಉಪಾಯ ಹೊಂದದೆಂಬುದೂ ಸತ್ಯ. ವಿವಾಹಕ್ಕೆ ಗಡುವಿಲ್ಲ, ಮಾರಿದ ಹೊಲ ಮರಳದು. ಅಂತಹ ಕಡೆ ನಿಯಮವನ್ನು ಕ್ರಿಯೆಗೆ ಇಡದೆ ವಿಚಾರಣೆಗೆ ಇಡಬೇಕು: ಇಂತಹ ತಿಥಿಯೊಳಗೆ ಇಂತಿಂತಹವರನ್ನು ಕೇಳುವುದು, ಇಂತಹ ತಿಥಿಗೆ ಉತ್ತರ ಹೇಳುವುದು.

ಹಂಸಭಾವಿಯಂತಹ ಊರಿನ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಅರವತ್ತೆಂಟು ವಯಸ್ಸಿನ ತಾಯಿ. ಗಂಡ ತೀರಿಕೊಂಡು ಮೂರು ವರ್ಷ. ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಇಲ್ಲಿ ಗೋವಿನಜೋಳ, ಹತ್ತಿ ಬೆಳೆಯುವ ನಾಲ್ಕು ಎಕರೆ, ಹಳೆಯ ಮನೆ, ದೇವರಗೂಡಿನಲ್ಲಿ ಅತ್ತೆಯ ಕಾಲದ ಪುಟ್ಟ ಪಾರ್ಶ್ವನಾಥ ಬಿಂಬ. ಬಾ ಎಂದು ಮಗ ಕರೆಯುತ್ತಾನೆ. ಬರುತ್ತೇನೆ ಎನ್ನುತ್ತಾಳೆ, ಸುಗ್ಗಿ ಮುಗಿಯಲಿ ಎನ್ನುತ್ತಾಳೆ. ಸುಗ್ಗಿ ಮುಗಿದ ಮೇಲೆ, ಅಲ್ಲಿ ಸೋಸಿದ ನೀರು ಹೇಗೋ, ಕತ್ತಲಾಗುವ ಮೊದಲು ಊಟ ಹೇಗೋ ಎನ್ನುತ್ತಾಳೆ. ಮೂರು ವರ್ಷಗಳಲ್ಲಿ ಹೊಲದ ಒಡ್ಡು ಒಡೆದಿದೆ, ಮಾಡಿನ ಹೆಂಚು ಜಾರಿದೆ, ಒಮ್ಮೆ ಹಿತ್ತಿಲಲ್ಲಿ ಜಾರಿಬಿದ್ದು ನೆರೆಯವರು ಬರುವವರೆಗೆ ಬಿದ್ದಲ್ಲಿಯೇ ಇದ್ದಳು. ಮಗ ಕರೆಯುವುದೂ ಈಚೆಗೆ ಕಡಿಮೆಯಾಗಿದೆ.

ಆಕೆ ಆಷಾಢದಲ್ಲಿ ದೇವರ ಮುಂದೆ ನಿಂತು, ಮಗನ ಮನೆಯಲ್ಲಿ ಈ ಚಾತುರ್ಮಾಸವನ್ನು ಕಳೆಯುವೆನೆಂದೂ ಕಾರ್ತೀಕದವರೆಗೆ ಆ ನಗರದ ಎಲ್ಲೆಯನ್ನು ದಾಟುವುದಿಲ್ಲವೆಂದೂ ನಿಯಮ ತೆಗೆದುಕೊಂಡಳೆನ್ನೋಣ. ಮಗನಿಗೂ ಸೊಸೆಗೂ ಗಡುವನ್ನು ತಿಳಿಸಿದಳು. ಅತಿಥಿಯಾಗಿಯೂ ಅಲ್ಲ, ಕಾಯಮ್ಮಾಗಿಯೂ ಅಲ್ಲ. ಮೊದಲನೆಯ ತಿಂಗಳು ಕಠಿಣವಾಯಿತು. ಎರಡನೆಯ ತಿಂಗಳಲ್ಲಿ ನೀರು, ಊಟಗಳ ಪ್ರಶ್ನೆಯು ಒಂದು ಬಟ್ಟೆ ಮತ್ತು ಒಂದು ಗಡಿಯಾರದಿಂದ ತೀರುವಂತಹುದೆಂದು ತಿಳಿಯಿತು. ಆ ನೆಪ ಹೋದ ಮೇಲೆ ಉಳಿದದ್ದನ್ನು ಒಂದು ಚತುರ್ದಶಿಯ ರಾತ್ರಿ ಆಕೆ ಕಂಡುಕೊಂಡಳು. ಹೋಗುವುದಕ್ಕಿಂತ, ಮತ್ತೆ ಮತ್ತೆ ಕರೆಯಿಸಿಕೊಳ್ಳುವುದು ಆಕೆಗೆ ಪ್ರಿಯವಾಗಿದ್ದಿತು. ಹೊಲದ ಯಜಮಾನಿಕೆಯೂ ಬೇಕು, ಮಗನ ಆರೈಕೆಯೂ ಬೇಕು. ಇದು ಮಾನ ಮತ್ತು ಲೋಭವೇ ಹೊರತು ಸಂಶಯವಲ್ಲವೆಂದು ಹೆಸರಿಟ್ಟು ನೋಡಿದ ಮೇಲೆ ಯಾವುದನ್ನು ಬಿಡಬೇಕೆಂಬುದು ಉಳಿಯಿತು.

ಕಾರ್ತೀಕ ಕಳೆದ ಮೇಲೆ ಆಕೆ ಊರಿಗೆ ಬಂದು, ಹೊಲವನ್ನು ಲಾವಣಿಗೆ ಕೊಡುವ ಮಾತನ್ನು ನಾಲ್ವರ ಎದುರಿಗೆ ಆಡಿದಳು. ಬಿತ್ತನೆಯ ದಿನ ತನ್ನ ಕೈಯ ಕಾಳು ಇನ್ನು ನೆಲಕ್ಕೆ ಬೀಳುವುದಿಲ್ಲವೆಂಬ ನೋವು ಇದ್ದೇ ಇದ್ದಿತು, ಅದನ್ನು ಇಲ್ಲವೆನ್ನಲಿಲ್ಲ. ಮನೆಯ ಬೀಗದ ಕೈಯನ್ನು ಅಂದು ಹಿತ್ತಿಲಿಗೆ ಓಡಿಬಂದಿದ್ದ ನೆರೆಯವಳಿಗೆ ಒಪ್ಪಿಸಿದಳು. ದೇವರಗೂಡಿನ ಬಿಂಬವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ, ನೀರು ಸೋಸುವ ಬಟ್ಟೆಯನ್ನು ಒಗೆದು ಒಣಗಿಸಿ, ಎರಡನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಬೆಳಗಿನ ಬಸ್ಸಿಗೆ ಹೊರಟಳು.